ಬೆಲ್ಲದ ಸಾಸ್ ಮತ್ತು ಮೂರು ‘ಸೂಪರ್’

ಸೊಸೆ ಮಾಡಿದ ಅಡುಗೆ ಚೆನ್ನಾಗಿಲ್ಲ ಎಂದು ಹೇಳಲು ನನಗೆ ಧೈರ್ಯವಿರಲಿಲ್ಲ. ನಗಬೇಡಿ. ಅತ್ತೆಯಾದವಳ ಕಷ್ಟ ಅತ್ತೆಗೇ ಗೊತ್ತು.

ಕಳೆದ ಭಾನುವಾರ ಸಂಜೆ ನಡೆದದ್ದು ಕೇಳಿ. ಮಗ ಕಿರಣ್‌ಗೆ ಮಹಡಿಯ ಮೇಲೆ ಇದ್ದಿಲ ಒಲೆ ಹಚ್ಚಿ ಹಾಟ್ ಡಾಗ್ ಗ್ರಿಲ್ ಮಾಡುವ ಹುಕಿ ಬಂತು. (ಚಿಕನ್ ಸಾಸೇಜನ್ನು ಸುಟ್ಟು ಉದ್ದನೆಯ ಬನ್ನಿನೊಳಗೆ ಮಲಗಿಸುವುದಕ್ಕೆ ಎಂಥಾ ಹೆಸರು!) ನಮ್ಮದು ಕೊಡಿಗೇಹಳ್ಳಿಯ ಹಳೇ ಮನೆತನ, ಮುದ್ದೆ ಕೋಳಿಸಾರು ಉಂಡು ಬೆಳೆದವರು. ಸೊಸೆ ಸವಿತಾ ಗದಗದ ಕಡೆಯವಳು, ಮೊಟ್ಟೆಯನ್ನೂ ಮುಟ್ಟದವಳು. ಇಬ್ಬರಿಗೂ ಒಂದೇ ಆಫೀಸು, ಅಲ್ಲೇ ಪ್ರೀತಿ, ಹೋದ ವರ್ಷ ಮದುವೆ. ಅವಳು ಬಂದ ಮೇಲೆ ಮಾಂಸದಡುಗೆಯನ್ನು ಮಹಡಿಗೆ ಸಾಗಿಸಿದೆವು. ಅವಳೇನೂ ಕೇಳಿರಲಿಲ್ಲ. ನಾವೇ ಮಾಡಿ, ನಾವೇ ಬೆನ್ನು ತಟ್ಟಿಕೊಂಡೆವು.

“ಅಂಗಡಿ ಸಾಸ್ ಬರೀ ಹುಳಿ. ಸಿಹಿ ಸಾಸ್ ಇದ್ದಿದ್ರೆ ಮಜಾ ಇರ್ತಿತ್ತು” ಎಂದ ಕಿರಣ್.

“ನಾ ಮಾಡ್ತೀನಿ” ಎಂದಳು ಸವಿತಾ.

ನನಗೆ ಆಶ್ಚರ್ಯ. ತಾನು ತಿನ್ನದ ತಿಂಡಿಗೆ ಸಾಸ್! ಬ್ಯಾಡಗಿ ಮೆಣಸಿನಕಾಯಿ ನೆನೆಹಾಕಿ ಬೆಳ್ಳುಳ್ಳಿ ಜತೆ ಅರೆದಳು. ಟೊಮ್ಯಾಟೊ ಬೇಯಿಸಿದಳು, ಹುಣಸೆಹಣ್ಣು ಕಿವುಚಿದಳು. ಬೆಲ್ಲವನ್ನಂತೂ ಧಾರಾಳವಾಗಿ ಸುರಿದಳು. ಬಾಣಲೆಯಲ್ಲಿ ಎಲ್ಲ ಕುದಿದು ಮಂದವಾಗಿ ಹೊಳಪು ಬಂತು, ಮನೆ ತುಂಬ ಘಮ. ಆದರೆ ಅವಳು ನಾಲಿಗೆಗೆ ಒಂದು ಹನಿಯನ್ನೂ ತಾಗಿಸಲಿಲ್ಲ.

“ರುಚಿ ನೋಡಲ್ವೇನೇ?”

“ನಮ್ಮ ಮನ್ಯಾಗ ಅಡಗಿ ಮಾಡ್ತಾ ರುಚಿ ನೋಡೂದಿಲ್ರಿ ಅತ್ತಿ, ಎಂಜಲಾಗ್ತದ. ವಾಸ್ನಿ ಮ್ಯಾಲೇ ತಿಳೀತದ” ಎಂದು ನಕ್ಕಳು.

ಮಹಡಿಯಲ್ಲಿ ಸಾಸೇಜಿಗೆ ಸವರಿದ ಬ್ರಶ್ಶು ಮತ್ತೆ ಸಾಸಿನ ಬಟ್ಟಲಿಗೆ ಬಿತ್ತು. ಮಾಂಸ ತಾಗಿದ ಆ ಬಟ್ಟಲು ಅಲ್ಲಿಗೆ ಅವಳ ಪಾಲಿಗೆ ಮುಗಿಯಿತು. ಇನ್ನು ಅವಳಿಗೆ ರುಚಿ ಹೇಳಬೇಕಾದವರು ನಾವೇ. ಹೊಗೆ ತಾಳದೆ ಮೂಗಿಗೆ ಸೆರಗು ಹಿಡಿದು ನಮ್ಮ ಮುಖಗಳನ್ನೇ ನೋಡುತ್ತ ನಿಂತಿದ್ದಳು.

“ಹ್ಯಾಂಗಾಗ್ಯದ್ರಿ?”

ಬಾಯಿಗಿಟ್ಟೆ. ಅಯ್ಯೋ ದೇವರೇ! ಥೇಟ್ ಹೋಳಿಗೆಯ ಹೂರಣ.

“ಸೂಪರ್ ಕಣಮ್ಮಾ” ಎಂದರು ನಮ್ಮ ಯಜಮಾನರು. ಕಿರಣ್ ಕೂಡ ಸೂಪರ್ ಎಂದ. ನಾನು “ಸೂಪರ್! ಬಾಟಲ್‌ಗೆ ತುಂಬಿ ಮಾರ್ಬಹುದು” ಎಂದುಬಿಟ್ಟೆ. (ಹೊಗಳುವಾಗ ನನಗೆ ಬ್ರೇಕ್ ಇಲ್ಲ.) ಅವಳ ಮುಖ ಅರಳಿತು. ಅವಳು ನೀರು ತರಲು ಕೆಳಗಿಳಿದದ್ದೇ ತಡ, ಮೂವರೂ ಬನ್ನಿನ ಮೇಲೆ ಖಾರದ ಪುಡಿ ಉದುರಿಸಿಕೊಂಡೆವು.

ಸುಳ್ಳು ಯಾಕೆ ಹೇಳಿದೆವು? ನನ್ನ ಅತ್ತೆ ನನ್ನ ಸಾರಿನಲ್ಲಿ ದಿನಾ ಒಂದು ಕೊಂಕು ಹುಡುಕುತ್ತಿದ್ದರು. ನಾನು ಹಾಗಾಗಬಾರದು ಎಂದು ಸವಿತಾ ಹೊಸಿಲು ದಾಟಿದ ದಿನವೇ ನಿಶ್ಚಯಿಸಿದ್ದೆ. ಉಪ್ಪಿಟ್ಟು ಗಂಟುಗಂಟಾದರೂ ಸೂಪರ್, ಕಾಫಿ ಕಷಾಯವಾದರೂ ಸೂಪರ್. ಒಳ್ಳೆ ಅತ್ತೆ ಅನ್ನಿಸಿಕೊಳ್ಳುವುದು ಎಷ್ಟು ಸುಲಭ ನೋಡಿ.

ಸೋಮವಾರ ಬೆಳಿಗ್ಗೆ ಅಡುಗೆಮನೆಯ ಬಾಣಲೆಯಲ್ಲಿ ಉಳಿದಿದ್ದ ಸಾಸನ್ನು (ಅದು ಮಹಡಿ ಹತ್ತಿರಲಿಲ್ಲ) ಸವಿತಾ ಚಪಾತಿಗೆ ಸವರಿಕೊಂಡಳು. ಒಂದು ತುತ್ತು ತಿಂದು ತಟ್ಟೆ ಕೆಳಗಿಟ್ಟಳು.

“ಅತ್ತಿ, ಇದು ತಿನ್ನಾಕ ಆಗೂದಿಲ್ಲ. ನೀವೆಲ್ಲಾ ಯಾಕ ಸೂಪರ್ ಅಂದ್ರಿ?”

“ನಿನಗೆ ಬೇಜಾರಾಗ್ಬಾರ್ದು ಅಂತ ಕಣೇ...”

“ನಾ ಮೊದ್ಲಿದ್ದ ಪಿಜಿ ಆಂಟಿ ಸುದ್ದಾ ನನಗ ಬೈತಿದ್ರು. ನಿಮ್ಮ ಮಗಗ ನೀವು ದಿನಾ ಬೈತೀರಿ. ನನಗ ಒಂದ್ ಮಾತೂ ಅಂದಿಲ್ಲ. ಬೀಗರು ಬಂದಂಗ ನೋಡ್ಕೋತೀರಿ. ನಾ ಈ ಮನಿಯಾಕಿ ಆಗೂದು ಯಾವಾಗ್ರಿ?”

ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು. ಒಗ್ಗದ ಹೊಗೆಯಲ್ಲಿ ನಿಂತು ನಮ್ಮ ಪಂಕ್ತಿಗೆ ಸೇರಲು ಬಂದವಳನ್ನು ಹೊಗಳಿ ಹೊಗಳಿಯೇ ಹೊರಗೆ ಕೂರಿಸಿದ್ದೆವು. ನೆಂಟರು ಸಪ್ಪೆ ಸಾರನ್ನೂ ಹೊಗಳಿ ಕೈತೊಳೆದು ಹೋಗುತ್ತಾರೆ. ಮನೆಯವರು ನಾಳೆಯೂ ಅದೇ ಕೈಯಡುಗೆ ಉಣ್ಣಬೇಕಲ್ಲ?

“ಬೆಲ್ಲ ಜಾಸ್ತಿ ಆಗಿತ್ತು, ತುಂಬಾ ಜಾಸ್ತಿ” ಎಂದೆ. “ಇನ್ಮೇಲೆ ಅರ್ಧ ಹಾಕು. ನೀನು ರುಚಿ ನೋಡಲ್ಲ ಅಂದ್ರೆ ನನ್ನ ಅಂಗೈಗೆ ಹಾಕು, ನಾನು ನೋಡಿ ಹೇಳ್ತೀನಿ.”

ಕಣ್ಣೊರೆಸಿಕೊಂಡಳು. “ಹಂಗಾರ ನಾನೂ ಒಂದ್ ಮಾತು ಹೇಳ್ಲೇನ್ರಿ?” ಎಂದಳು.

“ಹೇಳು.”

“ನಿಮ್ಮ ಬಸ್ಸಾರಿನ್ಯಾಗ ಭಾಳ ಉಪ್ಪಿರ್ತದ್ರಿ. ಬಂದಾಗಿಂದ ಚೊಲೋ ಅದ, ಚೊಲೋ ಅದ ಅಂತ ನುಂಗಾಕತ್ತೀನಿ.”

ಒಂದು ಕ್ಷಣ ಮೈ ಉರಿಯಿತು, ಸುಳ್ಳು ಯಾಕೆ ಹೇಳಲಿ? ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಒಂದೇ ಒಲೆಯ ಮುಂದೆ ನಿಂತು ನಾವಿಬ್ಬರೂ ಇಷ್ಟು ದಿನ ಯಾರ ಮನೆಯ ನೆಂಟರಾಗಿದ್ದೆವು?