ಕುಂಕುಮದ ಕೆಳಗಿನ ನಂಬರು

ಹೇಳೋಣವೆಂದುಕೊಂಡೇ ಇದನ್ನು ಇಷ್ಟು ದಿನ ಮುಂದೂಡಿದೆ. ನಾನು ಶಿಕಾರಿಪುರದ ಸಹಕಾರ ಸಂಘವೊಂದರಲ್ಲಿ ಅಟೆಂಡರ್ ಆಗಿದ್ದಾಗ, ಮೇಲಿನ ಕಚೇರಿ ಹಾಕಿಸಿದ ಭದ್ರತಾ ಸಾಫ್ಟ್‌ವೇರ್ ಎಡವಟ್ಟಾಗಿ ಕಂಪ್ಯೂಟರುಗಳೆಲ್ಲ ನೀಲಿ ಪರದೆ ತೋರಿಸಿ ನಿಂತವು. ರಿಪೇರಿಗೆ ಸೊರಬದಿಂದ ಒಬ್ಬ ಮೇಡಂ ಬಂದರು. ಒಂದೊಂದರ ನೆತ್ತಿ ತಟ್ಟಿ, "ಏಳು ಮಾರಾಯ, ಬೆಳಗಾತು" ಅನ್ನುತ್ತಿದ್ದರು.

ಯಂತ್ರಕ್ಕೆ ಅಂಟಿಸಿದ ಚೀಟಿಯ ನಂಬರು ಹೇಳಿದರೆ ಮಾತ್ರ ಮೇಲಿನವರು ಅದನ್ನು ತೆರೆಯುವ ಸಂಖ್ಯೆ ಕೊಡುತ್ತಿದ್ದರು. ಆ ಚೀಟಿಗಳ ಮೇಲೆಯೇ ದಿನಾ ಬೆಳಿಗ್ಗೆ ಕುಂಕುಮ ಹಚ್ಚುತ್ತಿದ್ದವನು ನಾನು. ಮೇಡಂ ಅದನ್ನು ಉಗುರಿನಿಂದ ಕೆರೆಯುತ್ತಾ ಕೂತರು.

"ಕೆಲಸ ಬರಂಗಿಲ್ಲೇನ್ರೀ ನಿಮಗೆ?" ಎಂದು ತಡವಾದದ್ದಕ್ಕೆ ಕಾರ್ಯದರ್ಶಿ ಮೇಡಂಗೆ ಗದರಿದರು. ನೌಕರಿಯ ಭಯಕ್ಕೆ ನಾನು ಬಾಯಿ ಬಿಡಲಿಲ್ಲ. ನನ್ನ ಕೆಂಪು ಬೆರಳು ನೋಡಿದ ಮೇಡಂ ನಕ್ಕು, "ನನ್ನ ಕೈ ಸ್ವಲ್ಪ ನಿಧಾನ, ಸರ್" ಎಂದರು.

ಸಂಜೆಗೆ ಯಂತ್ರಗಳೆಲ್ಲ ಎದ್ದವು. ಹೊರಡುವಾಗ ಪರದೆಯ ಮೂಲೆ ತೋರಿಸಿ, ಮೆಲ್ಲಗೆ, "ಇನ್ಮೇಲೆ ಇಲ್ಲಿ ಹಚ್ಚಿ ಯಜಮಾನ್ರೇ, ದೇವರಿಗೂ ಕಾಣ್ಲಿ, ನಂಗೂ ಕಾಣ್ಲಿ" ಎಂದರು. ನಾನೂ ನಕ್ಕೆ. ತಪ್ಪಾಯಿತೆಂದು ಮಾತ್ರ ಹೇಳಲಿಲ್ಲ, ಆ ಸೊರಬದ ಕಂಪ್ಯೂಟರ್ ಮೇಡಂಗೆ.