ಇಬ್ಬರು ಡಾಕ್ಟರ ಮಾತೂ ಕೇಳಿದ ಕತ್ತರಿಯಣ್ಣ

“ಅವನ ಕತ್ತಿಗೆ ಕುತ್ತಿಗೆ ಕೊಡಬಹುದು ಕಣ್ರೀ, ಕಿವಿಗೆ ಗುಟ್ಟು ಹೇಳಬಾರದು, ಅಲ್ಲಿ ಮೊದಲೇ ಜನ ತುಂಬಿದ್ದಾರೆ” ಎಂದು ನೆರೆಹೊರೆಯವರು ಕ್ಷೌರದ ಕತ್ತರಿಯಣ್ಣನನ್ನು ಛೇಡಿಸುತ್ತಿದ್ದರು. ಅವನೂ ನಗುತ್ತಿದ್ದ. ಹರೆಯದಲ್ಲಿ ಯಾರೂ ಇಲ್ಲದ ಕಡೆ ದನಿಗಳು ಕೇಳತೊಡಗಿದ್ದು ನಿಜ. ಆದರೆ ಆಸ್ಪತ್ರೆಯ ದೊಡ್ಡ ಡಾಕ್ಟರು ಕೊಟ್ಟ ಮಾತ್ರೆ ಆ ದನಿಗಳ ಬಾಯಿಗೆ ಬೀಗ ಜಡಿದಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬದುಕು ಸಾಗಿತ್ತು.

ವರ್ಷಗಳು ಉರುಳಿದಂತೆ ಅದೇ ಮಾತ್ರೆ ಕೈ ನಡುಗಿಸತೊಡಗಿತು. ಕೈ ನಡುಗುವ ಕ್ಷೌರಿಕನ ಮುಂದೆ ಗದ್ದ ಎತ್ತುವ ಗಂಡೆದೆ ಯಾರಿಗಿದೆ? ಗಿರಾಕಿಗಳು ಒಬ್ಬೊಬ್ಬರಾಗಿ ಗಡ್ಡ ಬಿಡತೊಡಗಿದರು.

ಆಸ್ಪತ್ರೆಗೆ ಹೊಸದಾಗಿ ಬಂದ ಚಿಕ್ಕ ಡಾಕ್ಟರಮ್ಮ, “ಸಂಶೋಧನೆಯಲ್ಲಿ ಗೊತ್ತಾಗಿದೆ, ಈ ಹೊಸ ಮಾತ್ರೆಗೆ ನಡುಕ ಕಡಿಮೆ” ಎಂದು ಬದಲಿಸಿ ಬರೆದರು. ಕೈಯ ನಡುಕ ನಿಂತಿತು. ಆದರೆ ಹೊಟ್ಟೆ ಮುಂದೆ ಬಂತು. ಕತ್ತರಿ ಹಿಡಿದು ನಿಂತಲ್ಲೇ ತೂಕಡಿಕೆ. ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂದು ಕೂತಿತು.

“ಅದು ಕೆಲವೇ ವಾರ ನಡೆದ ಸಂಶೋಧನೆ ಕಣಯ್ಯ, ನೀನು ನುಂಗೋದು ಜೀವಮಾನ ಪೂರ್ತಿ” ಎಂದರು ದೊಡ್ಡ ಡಾಕ್ಟರು. “ಆಮೇಲೆ ಇನ್ನೂ ದೊಡ್ಡ ಸಂಶೋಧನೆ ನಡೀತು. ಹಳೇದೂ ಹೊಸದೂ ಹೆಚ್ಚುಕಮ್ಮಿ ಒಂದೇ ಅಂತು.” ಹಳೆಯದನ್ನೇ ಪ್ರಮಾಣ ತಗ್ಗಿಸಿ ಬರೆದರು.

ಮುಂದಿನ ಸಲ ಚಿಕ್ಕವರು ಸಿಕ್ಕರು. “ಆದ್ರೆ ಆ ದೊಡ್ಡ ಸಂಶೋಧನೇಲಿ ನಿಮ್ಮ ಹಾಗೆ ಮೊದಲೇ ನಡುಕ ಇದ್ದವರಿಗೆ ಹಳೇ ಮಾತ್ರೆ ಕೊಟ್ಟೇ ಇರಲಿಲ್ಲ. ನಿಮಗೇನಾಗುತ್ತೆ ಅಂತ ಅದು ಹೇಳಲ್ಲ.” ಮತ್ತೆ ಹೊಸದು.

“ಇಬ್ರೂ ಓದಿದೋರು. ಯಾರು ಸರಿ ಅಂತೀಯೇ?” ಎಂದು ಹೆಂಡತಿಯನ್ನು ಕೇಳಿದ.

“ನನ್ನ ಕೇಳ್ತೀರಲ್ಲ! ನಿಮ್ಮ ತಲೇಲಿ ಆ ಓದಿದೋರೇ ದಾರಿ ತಪ್ಪಿದಾರೆ.”

ಒಟ್ಟಿಗೆ ಬಂದ ಗಿರಾಕಿಗಳಲ್ಲಿ ಒಬ್ಬನಿಗೆ ಸೋಪು ಹಚ್ಚಿಟ್ಟು ಇನ್ನೊಬ್ಬನ ತಲೆಗೆ ಕೈಹಾಕುವುದು ಅವನ ರೂಢಿ. ಯಾರೂ ಮುನಿಸಿಕೊಂಡು ಎದ್ದುಹೋದದ್ದಿಲ್ಲ. ಇಲ್ಲೂ ಹಾಗೇ ಮಾಡಿದ: ಬೆಳಿಗ್ಗೆ ದೊಡ್ಡವರ ಮಾತ್ರೆ, ರಾತ್ರಿ ಚಿಕ್ಕವರದು. ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಅಂಗಡಿಯ ಬೆಂಚಿನ ಮೇಲೆ ಕೂತವನ ಕುತ್ತಿಗೆ ಹೊರಳಲಿಲ್ಲ. ಮೈ ಕೆಂಡ, ಕೈಕಾಲು ಮರದ ಕೊರಡು. ಗಿರಾಕಿಗಳೇ ಅವನನ್ನು ಬೆಂಚಿನ ಸಮೇತ ಎತ್ತಿ ಹೊರಗಿನ ಕಾರಿನತ್ತ ಹೊರಟರು. ಇದು ಯಾವ ಮಾತ್ರೆಯ ಕೆಲಸ? ಬೆಳಗಿನದೋ, ರಾತ್ರಿಯದೋ, ಮೊದಲಿನ ಕಾಯಿಲೆಯದೋ? ಅವನಿಗೆ ಬಗೆಹರಿಯಲಿಲ್ಲ. ಹೊಸ್ತಿಲಲ್ಲಿ ತೊದಲಿದ: “ಇವತ್ತು ಆಸ್ಪತ್ರೇಲಿ ಯಾರಿರ್ತಾರೆ? ದೊಡ್ಡೋರಾ, ಚಿಕ್ಕೋರಾ?”

ಆಗಷ್ಟೇ ದಿಂಬಿನಡಿ ಎರಡೂ ಮಾತ್ರೆ ಕಂಡಿದ್ದ ಹೆಂಡತಿ ಜೊತೆಗೇ ಓಡುತ್ತಿದ್ದಳು. “ಯಾರಾದ್ರೇನ್ರೀ! ಎರಡೂ ನುಂಗ್ತಿದ್ದೆ ಅಂತ ಹೇಳಿಬಿಡಿ!”

“ಹೇಳಿದ್ರೆ... ಒಬ್ಬರಿಗೆ ಬೇಜಾರಾಗುತ್ತಲ್ಲೇ” ಎಂದ.

ಆ ಹೊಸ್ತಿಲನ್ನು ಅವನು ಮತ್ತೆ ತುಳಿಯಲಿಲ್ಲ.