ಅಳಿಯನ ಬೆಂಚಿನ ಪಕ್ಕ

ಹೋದ ವಾರ ಇಳಕಲ್ಲಿನಲ್ಲಿ ಪಂದ್ಯ ಮುಗಿದ ಮೇಲೆ ಯಾರೋ ನನ್ನ ಹಿಂದೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಮಜ್ಜಿಗೆ ಹುಲ್ಲು ಹಾಕಿ ಕುದಿಸಿದ ಚಹಾದ ವಾಸನೆ ಬಂತು. ಅದು ಯಾರ ಮನೆಯ ಚಹಾ ಎಂದು ತಿರುಗಿ ನೋಡದೆಯೇ ಗೊತ್ತಾಯಿತು. ಕೊರಳಲ್ಲಿದ್ದ ಸೀಟಿಯನ್ನು ಹಿಡಿದುಕೊಂಡು ನಿಂತೆ…

ನನಗೆ ಬಾಸ್ಕೆಟ್‌ಬಾಲ್ ರೆಫರಿ ಕೆಲಸ ಕಲಿಸಿದವರು ಬಾಗಲಕೋಟೆ ನವನಗರದ ಒಂದು ಶಾಲೆಯ ಪಿ.ಟಿ. ಮಾಸ್ತರು. ನಾನು ಆಗಷ್ಟೇ ದೈಹಿಕ ಶಿಕ್ಷಕಿಯಾಗಿ ಸೇರಿದ್ದೆ. ಹೆಣ್ಣುಮಗಳ ಕೈಗೆ ಸೀಟಿ ಕೊಟ್ಟರೆ ಕೋಚುಗಳು ಹರಿದು ತಿನ್ನುತ್ತಾರೆ ಎಂದು ಉಳಿದವರು ನನ್ನ ಮುಂದೆಯೇ ಮಾತಾಡಿಕೊಂಡರು. ಮಾಸ್ತರು ಮಾತ್ರ, "ಬರ್ಲಿ ಬಿಡ್ರಿ. ಹೆಂಗ ನಿಂದರಬೇಕು ಅಂತ ನಾ ಹೇಳಿಕೊಡ್ತೇನಿ" ಎಂದರು.

ಅವರ ಪಾಠವೆಲ್ಲ ನಿಲ್ಲುವುದರಲ್ಲೇ ಇತ್ತು. ಕೋಚು ಎಷ್ಟೇ ಕೂಗಾಡಲಿ, ಮಾಸ್ತರು ಅವನ ಎದುರಿಗೆ ಹೋಗಿ ನಿಲ್ಲುತ್ತಿರಲಿಲ್ಲ. ಆಟ ನಿಂತ ಗಳಿಗೆ ನೋಡಿ ಬೆಂಚಿನ ಬಳಿ ಹೋಗುತ್ತಿದ್ದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅವನ ಪಕ್ಕದಲ್ಲಿ, ಇಬ್ಬರ ಮುಖವೂ ಅಂಕಣದ ಕಡೆಗೇ ಇರುವಂತೆ ನಿಲ್ಲುತ್ತಿದ್ದರು. ದೂರದಿಂದ ನೋಡಿದವರಿಗೆ ಮಳೆ ಬೆಳೆಯ ಮಾತಾಡುತ್ತಿದ್ದಾರೆ ಅನ್ನಿಸಬೇಕು. "ಕೇಳಿಸ್ಕೊಂಡೇನ್ರಿ ಸರ. ಇನ್ ಸಾಕ್ರಿ." ಇಷ್ಟೇ ಮಾತು. ಬಹಳ ಸಲ ಇಷ್ಟಕ್ಕೇ ಕೋಚು ತಣ್ಣಗಾಗುತ್ತಿದ್ದ. ಆಗದಿದ್ದರೆ ಕೈಯಲ್ಲಿ ಟಿ ಅಕ್ಷರ ತೋರಿಸಿ ಟೆಕ್ನಿಕಲ್ ಫೌಲ್ ಕೊಟ್ಟು, ಅಂಕಣದ ಆಚೆ ತುದಿಗೆ ನಡೆದುಬಿಡುತ್ತಿದ್ದರು. ಬೈಸಿಕೊಳ್ಳುವ ಪಾಲು ಜೊತೆಯ ರೆಫರಿಯದು, ಅಂದರೆ ನನ್ನದು.

"ಸೀಟಿ ಊದಿದಾಂವ ಅಲ್ಲೇ ನಿಂತ್ರ ಜಗಳ ಬೆಳೀತೈತಿ ತಂಗಿ. ನೀ ಅವರ ಪ್ರಶ್ನಿಗೆ ಉತ್ತರಾ ಕೊಡು, ಒದರೂದಕ್ಕ ಕೊಡಬ್ಯಾಡ" ಎನ್ನುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ಪಂದ್ಯಕ್ಕೆ ಮೊದಲು ಯಾವ ಕೋಚಿನ ಚಹಾವನ್ನೂ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಯಾರಿಗೆ ಫೌಲ್ ಕೊಟ್ಟಿದ್ದರೋ ಅವರನ್ನೇ ಹುಡುಕಿಕೊಂಡು ಹೋಗಿ, ತಮ್ಮ ಫ್ಲಾಸ್ಕಿನ ಮುಚ್ಚಳದಲ್ಲಿ ಮಜ್ಜಿಗೆ ಹುಲ್ಲಿನ ಚಹಾ ಸುರಿದು ಕೊಡುತ್ತಿದ್ದರು. ಬಾದಾಮಿಯ ಒಬ್ಬ ಮುಂಗೋಪಿ ಕೋಚು ಆ ಚಹಾದ ಆಸೆಗೇ ಫೌಲ್ ತಿನ್ನುತ್ತಾನೆ ಎಂದು ನಾವು ನಗುತ್ತಿದ್ದೆವು.

ಆ ವರ್ಷದ ಹುಡುಗಿಯರ ಫೈನಲ್ ಪಂಚಮಿ ಹಬ್ಬಕ್ಕೆ ಸ್ವಲ್ಪ ಮೊದಲು ನವನಗರದಲ್ಲೇ ನಡೆಯಿತು. ಹುನಗುಂದದ ತಂಡಕ್ಕೂ ಇಳಕಲ್ಲಿನ ತಂಡಕ್ಕೂ ಆಟ. ಇಳಕಲ್ಲಿನ ಕೋಚು ಮಾಸ್ತರ ಅಳಿಯ, ಒಬ್ಬಳೇ ಮಗಳ ಗಂಡ. ಬರಬೇಕಾದ ರೆಫರಿ ಬರಲಿಲ್ಲ, ನನ್ನ ಜೊತೆ ಮಾಸ್ತರೇ ಸೀಟಿ ಹಿಡಿಯಬೇಕಾಯಿತು. ಮಾಸ್ತರು ಹುನಗುಂದದ ಕೋಚಿನ ಬಳಿ ಹೋಗಿ, "ಅವರು ನಮ್ಮ ಅಳ್ಯಾರು. ನಾ ಬ್ಯಾಡಂದ್ರ ಈಗ ಹೇಳಿಬಿಡ್ರಿ" ಎಂದರು. "ನಿಮ್ಮ ಮ್ಯಾಲೆ ಪೂರಾ ನಂಬಿಗಿ ಐತ್ರಿ ಸರ" ಎಂದ ಆತ. ಆ ನಂಬಿಗೆಯೇ ಕುತ್ತಿಗೆಗೆ ಬಂತು ಎಂದು ಈಗ ಅನ್ನಿಸುತ್ತದೆ.

ಅಳಿಯ ಶುರುವಿನಿಂದಲೇ ಕೂಗಾಡುತ್ತಿದ್ದ. ಮಾಸ್ತರು ಹುನಗುಂದದ ಬೆಂಚಿನ ಬಳಿ ಹೋಗಿ ನಿಂತರು, ಮಾತಾಡಿದರು. ಇಳಕಲ್ಲಿನ ಬೆಂಚಿನ ಕಡೆ ಕಾಲಿಡಲಿಲ್ಲ. ಅರ್ಧ ಆಟದ ಬಿಡುವಿನಲ್ಲಿ ನಾನು, "ಸರ, ಅವರ ಬಾಜೂಕ ಒಮ್ಮಿ ಹೋಗಿ ನಿಂದರ್ರಿ" ಎಂದೆ.

"ಮಾವ ಅಳಿಯಾ ಏನೋ ಪಿಸುಗುಡಾಕತ್ತಾರ ಅಂತ ಮಂದಿ ಅಂದಾರು" ಎಂದರು. ನಾನೇ ಹೋಗಿ ನಿಂತೆ. "ನಿಮ್ಮ ಕೂಡ ಅಲ್ರೀ ಮೇಡಮ್ ನಂದು" ಎಂದು ಅಳಿಯ ನನ್ನನ್ನು ಕಳಿಸಿಬಿಟ್ಟ.

ಮೂರನೇ ಪಾಳಿಯಲ್ಲಿ ಅವನು ಗೆರೆ ದಾಟಿ ಅಂಕಣದೊಳಗೇ ಬಂದ. ಮಾಸ್ತರು ಫೌಲ್ ಕೊಟ್ಟು ಎಂದಿನಂತೆ ಆಚೆ ತುದಿಗೆ ಹೋದರು. ಅವನು ಬೆನ್ನಿಗೇ ಹೋಗಿ ಎಲ್ಲರಿಗೂ ಕೇಳುವಂತೆ, "ಮಾವಾರ, ಮನ್ಯಾಗ ನಿಮ್ದ ನಡೀತೈತಿ, ಇಲ್ಲೂ ನಿಮ್ದ ನಡೀಬೇಕೇನ್ರಿ?" ಎಂದ. ಜನ ನಕ್ಕರು. ಮಾಸ್ತರ ಮುಖದಲ್ಲಿ ಏನೂ ಕಾಣಲಿಲ್ಲ. ಮತ್ತೊಮ್ಮೆ ಕೈಯಲ್ಲಿ ಟಿ ತೋರಿಸಿದರು. ಒಂದೇ ಪಂದ್ಯದಲ್ಲಿ ಕೋಚಿಗೆ ಎರಡು ಬಿದ್ದರೆ ಅಂಗಳ ಬಿಟ್ಟು ಹೊರಗೆ ಹೋಗಬೇಕು. ಮನೆಗೆ ಬಂದರೆ ಅತ್ತೆ ಕಾಲಿಗೆ ನೀರು ಕೊಟ್ಟು ಕರೆದುಕೊಳ್ಳುವ ಅಳಿಯ, ಊರೆಲ್ಲ ನೋಡುತ್ತಿದ್ದಂತೆ ಗೇಟಿನ ಹೊರಗೆ ಹೋದ.

ಇಳಕಲ್ಲಿನ ಹುಡುಗಿಯರು ಸೋತರು. ಮಾಸ್ತರು ಮುಚ್ಚಳದಲ್ಲಿ ಚಹಾ ಹಿಡಿದುಕೊಂಡು ಗೇಟಿನ ಬಳಿ ಹೋದರು. ಅವನು ಬೂಟಿನ ದಾರ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. ಮಾಸ್ತರು ಚಹಾವನ್ನು ಅವನ ಪಕ್ಕದ ಕಟ್ಟೆಯ ಮೇಲಿಟ್ಟು ಬಂದರು. ಬಸ್ಸು ಹೋದ ಮೇಲೂ ಅದು ಅಲ್ಲೇ ಇತ್ತು, ಕೆನೆಗಟ್ಟಿತ್ತು. ನಾನೇ ಚೆಲ್ಲಿ ಮುಚ್ಚಳ ತೊಳೆದು ತಂದುಕೊಟ್ಟೆ.

ಹೆಣ್ಣುಮಕ್ಕಳು ತವರಿಗೆ ಬರುವ ಪಂಚಮಿಗೆ ಮಗಳು ಬರಲಿಲ್ಲ. ಮಾಸ್ತರು ಉಂಡಿಯ ಡಬ್ಬಿ ಹಿಡಿದು ಕರೆಯಲು ತಾವೇ ಇಳಕಲ್ಲಿಗೆ ಹೋದರು. ಮಗಳು ಊಟಕ್ಕೆ ಬಡಿಸಿದಳಂತೆ, ಹೊರಡಲಿಲ್ಲವಂತೆ. "ಅಪ್ಪಾ, ಎಲ್ಲಾ ಕೋಚ್‌ಗೋಳ ಬಾಜೂಕ ಹೋಗಿ ನಿಂದರ್ತಿ. ಇವರ ಬಾಜೂಕಷ್ಟ ನಿಂದರಲಿಲ್ಲಲ್ಲ" ಎಂದಳಂತೆ. ಇದನ್ನು ಅವರು ನನಗೆ ಸ್ಕೋರ್ ಹೇಳುವ ದನಿಯಲ್ಲೇ ಹೇಳಿದರು. "ಆಕಿ ಹೇಳಿದ್ದು ಖರೆ ಐತಿ ತಂಗಿ" ಎಂದು ಸೇರಿಸಿದರು. ಎರಡನೇ ಫೌಲ್ ತಪ್ಪೆಂದು ಅವರು ಯಾವತ್ತೂ ಹೇಳಲಿಲ್ಲ. ನನಗೂ ಅದು ತಪ್ಪೆನಿಸಿಲ್ಲ.

ಆಮೇಲೂ ಸೀಟಿ ಊದಿದರು. ಫ್ಲಾಸ್ಕು ಮಾತ್ರ ತರಲಿಲ್ಲ. ಮುಂದಿನ ಪಂಚಮಿಗೂ ಮಗಳು ಬರಲಿಲ್ಲ. ಅದರ ಮುಂದಿನದಕ್ಕೆ ಮಾಸ್ತರೇ ಇರಲಿಲ್ಲ… ಎದೆನೋವೆಂದು ದವಾಖಾನೆಗೆ ಹೋದವರು ತಿರುಗಿ ಬರಲಿಲ್ಲ. ಮಗಳೂ ಅಳಿಯನೂ ಮಣ್ಣಿಗೆ ಬಂದಿದ್ದರು. ನಾನು ಒಂದು ಮೂಲೆಯಲ್ಲಿ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಹೋದ ವಾರದ ಪಂದ್ಯದಲ್ಲೂ ಇಳಕಲ್ಲಿನ ಕೋಚು ಆ ಅಳಿಯನೇ. ಕೂದಲು ನೆರೆತಿದೆ, ಗಂಟಲು ಮಾತ್ರ ಹಾಗೇ ಇದೆ. ಕೂಗಾಟ ಜಾಸ್ತಿಯಾದಾಗ ನಾನು ಬೆಂಚಿನ ಬಳಿ ಹೋಗಿ ಅವನ ಪಕ್ಕದಲ್ಲಿ ನಿಂತೆ. ಇಬ್ಬರೂ ಅಂಕಣವನ್ನೇ ನೋಡುತ್ತಿದ್ದೆವು. ನಾನು ಬಾಯಿ ತೆರೆಯುವ ಮೊದಲೇ ಅವನು ಸುಮ್ಮನಾದ. ಆಮೇಲೆ, "ಮಾವಾರು ಹಿಂಗ ಬಂದು ನಿಂತಿದ್ರ ಸಾಕಿತ್ರಿ ಮೇಡಮ್…" ಎಂದ. ಅದು ಪ್ರಶ್ನೆಯಾಗಿರಲಿಲ್ಲ. ನಾನು ಆಟ ಶುರು ಮಾಡಿಸಲು ಹೋದೆ.

ಪಂದ್ಯ ಮುಗಿದ ಮೇಲೆ ನನ್ನ ಹಿಂದೆ ಫ್ಲಾಸ್ಕು ತೆರೆದವನೂ ಅವನೇ. ಮಾಸ್ತರ ಮಗಳು ತಂದೆಯ ಮನೆಯ ರೀತಿಯಲ್ಲೇ ಚಹಾ ಕುದಿಸಿ ಕಳಿಸಿದ್ದಳು. ಮುಚ್ಚಳದಲ್ಲಿ ಸುರಿದು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ಅದು ನನಗೆ ಸಲ್ಲಬೇಕಾದ ಚಹಾ ಆಗಿರಲಿಲ್ಲ. ಸಲ್ಲಬೇಕಾದವರು ಇಲ್ಲ. ಇಸಿದುಕೊಂಡು, ಆರುವ ಮೊದಲು ಕುಡಿದೆ.